ಲಿಥಿಯಂ ಕಾರ್ಬೋನೇಟ್ ಮಾತ್ರೆ: ನಿತ್ಯ ನುಂಗುವವಳ ವಿಮರ್ಶೆ

ನನಗೆ ಬೈಪೋಲಾರ್ ಕಾಯಿಲೆಯಿದೆ. ಉನ್ಮಾದ ಏರಿದ ದಿನಗಳಲ್ಲಿ ನಿದ್ದೆಯೇ ಬೇಡವೆನಿಸುತ್ತಿತ್ತು. ಖಿನ್ನತೆಗೆ ಇಳಿದಾಗ ಹಾಸಿಗೆ ಬಿಟ್ಟು ಏಳುವುದೂ ಆಗುತ್ತಿರಲಿಲ್ಲ. ಹಲವು ವರ್ಷಗಳಿಂದ ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆ, ಆ ಏರಿಳಿತ ನಿಂತಿದೆ. ಆದ್ದರಿಂದ ಈ ಮಾತ್ರೆ ಕೆಲಸ ಮಾಡುತ್ತದೆಯೇ ಎಂದು ಯಾರಾದರೂ ಕೇಳಿದರೆ ನನ್ನ ಮಟ್ಟಿಗೆ ಉತ್ತರ ಹೌದು. ಆದರೆ ನನ್ನ ವೃತ್ತಿ ಪುಸ್ತಕಗಳ ಕರಡು ತಿದ್ದುವುದು. ಒಂದು ಹೆಸರಿನ ಕಾಗುಣಿತ ಮೊದಲ ಅಧ್ಯಾಯದಲ್ಲಿ ಹೇಗಿತ್ತು ಎಂಬುದು ಕೊನೆಯ ಅಧ್ಯಾಯಕ್ಕೆ ಬರುವಾಗಲೂ ತಲೆಯಲ್ಲಿ ಇರಬೇಕು. ಮನೋವೈದ್ಯರು ಈ ಔಷಧ ಬರೆದುಕೊಟ್ಟಾಗ ನಾನು ಕೇಳಿದ ಮೊದಲ ಪ್ರಶ್ನೆ, "ಇದರಿಂದ ನನ್ನ ಜ್ಞಾಪಕಶಕ್ತಿಗೆ ಏನಾಗುತ್ತದೆ?" ಎಂಬುದು. ಈ ವಿಮರ್ಶೆಯ ಹೆಚ್ಚಿನ ಭಾಗ ಆ ಪ್ರಶ್ನೆಯ ಸುತ್ತಲೇ ಇದೆ.

ಮೊದಲು ಮಾತ್ರೆಯ ವಿಷಯ ಹೇಳಿಬಿಡುತ್ತೇನೆ. ನಾನು ತೆಗೆದುಕೊಳ್ಳುವುದು 400 ಮಿಲಿಗ್ರಾಂನ, ಹೊಟ್ಟೆಯಲ್ಲಿ ನಿಧಾನವಾಗಿ ಬಿಡುಗಡೆಯಾಗುವ ಬಗೆಯದು. ಬೇಗ ಕರಗುವ ಸಾಧಾರಣ ಮಾತ್ರೆಯೂ ಇದೆ. ಅದರಲ್ಲಿ ರಕ್ತದ ಲಿಥಿಯಂ ಮಟ್ಟ ಒಮ್ಮೆಲೇ ಮೇಲೇರಿ ಆಮೇಲೆ ಇಳಿಯುತ್ತದೆ. ಆ ಬಗೆಯ ಮಾತ್ರೆ ನುಂಗುತ್ತಿದ್ದಾಗ ಬೆರಳುಗಳು ನಡುಗಿ, ಅಂಚಿನಲ್ಲಿ ಹಾಕಿದ ತಿದ್ದುಪಡಿ ಗುರುತುಗಳು ಅಚ್ಚುಮನೆಯವರಿಗೆ ಓದಲಾಗದಂತೆ ಆಗುತ್ತಿದ್ದವು. ನಿಧಾನದ ಮಾತ್ರೆಗೆ ಬದಲಾಯಿಸಿದ ಮೇಲೆ ನಡುಕ ಬಹಳ ಕಡಿಮೆಯಾಯಿತು. ಒಮ್ಮೆ ಔಷಧ ಅಂಗಡಿಯೊಂದರಲ್ಲಿ, "ಎರಡೂ ಲಿಥಿಯಮ್ಮೇ ಅಲ್ಲವೇ ಮೇಡಂ, ಏನೂ ವ್ಯತ್ಯಾಸವಿಲ್ಲ" ಎಂದು ಬೇರೆ ಕಂಪನಿಯ ಸಾಧಾರಣ ಮಾತ್ರೆ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಬೇರೆ ಔಷಧಗಳಲ್ಲಿ ಈ ಮಾತು ನಡೆಯಬಹುದು, ಲಿಥಿಯಂನಲ್ಲಿ ನಡೆಯುವುದಿಲ್ಲ. ತಯಾರಿಕೆ ಬದಲಾದರೆ ರಕ್ತದ ಮಟ್ಟವೂ ಬದಲಾಗಬಹುದು, ಮತ್ತೆ ಪರೀಕ್ಷೆ ಮಾಡಿಸಬೇಕು.

ಏಕೆಂದರೆ ಈ ಔಷಧದಲ್ಲಿ ಉಪಕಾರಕ್ಕೂ ಅಪಾಯಕ್ಕೂ ನಡುವಿನ ಅಂತರ ತೀರ ಕಿರಿದು. ದೀರ್ಘಕಾಲದ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ರಕ್ತದ ಪ್ರತಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಇರುವಂತೆ ನೋಡಿಕೊಳ್ಳುತ್ತಾರೆ. 1.5 ದಾಟಿದರೆ ವಿಷದ ಲಕ್ಷಣಗಳು ಕಾಣಿಸಿಕೊಳ್ಳತೊಡಗುತ್ತವೆ: ವಾಂತಿ, ಭೇದಿ, ದೊಡ್ಡ ನಡುಕ, ತೊದಲು ಮಾತು, ತಡವರಿಸುವ ನಡಿಗೆ. 2 ದಾಟಿದರೆ ಪ್ರಾಣಕ್ಕೇ ಕುತ್ತು. ಇದನ್ನು ದೋಷವೆಂದು ಕೆಲವರು ಹೇಳುತ್ತಾರೆ. ನನಗೆ ಮಾತ್ರ ಇದು ಧೈರ್ಯ ಕೊಡುವ ಸಂಗತಿ. ಮನಸ್ಸಿನ ಕಾಯಿಲೆಗೆ ಕೊಡುವ ಬಹುಪಾಲು ಔಷಧಗಳಲ್ಲಿ "ಹೇಗನಿಸುತ್ತಿದೆ?" ಎಂದು ಕೇಳಿಯೇ ಪ್ರಮಾಣ ನಿರ್ಧರಿಸಬೇಕಾಗುತ್ತದೆ. ಇಲ್ಲಿ ಅದರ ಜೊತೆಗೆ ಅಳೆಯಬಹುದಾದ ಒಂದು ಅಂಕಿಯೂ ಇದೆ, ಅದನ್ನು ನನ್ನ ಕಣ್ಣಾರೆ ನೋಡಬಹುದು.

ಇನ್ನು ಇದು ದೇಹದೊಳಗೆ ಮಾಡುವುದೇನು? ಲಿಥಿಯಂ ಮೂರನೆಯ ಧಾತು, ಲೋಹಗಳಲ್ಲೆಲ್ಲ ಹಗುರವಾದದ್ದು. ಬೇರೆ ಔಷಧಗಳ ಅಣುಗಳು ಕೋಶಗಳ ಮೇಲೆ ಸಂಕೇತ ಹಿಡಿಯುವ ಗ್ರಾಹಕಗಳಿಗೆ ಹೊಂದುವಂತೆ ರೂಪಿಸಿದವು. ಇದಕ್ಕೆ ಅಂಥ ವಿಶೇಷ ಆಕಾರವೇ ಇಲ್ಲ, ಇದು ಬರಿಯ ಒಂದು ಅಯಾನು, ಅಂದರೆ ವಿದ್ಯುದಾವೇಶವಿರುವ ಪರಮಾಣು. ಅದರ ಗಾತ್ರ ಮೆಗ್ನೀಸಿಯಂ ಅಯಾನಿನ ಗಾತ್ರಕ್ಕೆ ಬಹಳ ಹತ್ತಿರ. ಹಾಗಾಗಿ ಮೆಗ್ನೀಸಿಯಂ ಇಲ್ಲದೆ ನಡೆಯದ ಕೆಲವು ಕಿಣ್ವಗಳಲ್ಲಿ ಅದು ಮೆಗ್ನೀಸಿಯಂನ ಜಾಗಕ್ಕೆ ಪೈಪೋಟಿ ನಡೆಸಿ ಕಿಣ್ವದ ಕೆಲಸವನ್ನು ತಗ್ಗಿಸುತ್ತದೆ.

ಅಂಥ ಎರಡು ಕಿಣ್ವಗಳ ಸುತ್ತ ಹೆಚ್ಚಿನ ಸಂಶೋಧನೆ ನಡೆದಿದೆ. ಒಂದು, ನರಕೋಶದೊಳಗೆ ಸಂಕೇತಗಳಿಗೆ ಬೇಕಾದ ಇನೊಸಿಟಾಲ್ ಎಂಬ ವಸ್ತುವನ್ನು ಮರಳಿ ಬಳಕೆಗೆ ತರುವ ಕಿಣ್ವ. ಇದನ್ನು ತಡೆದರೆ, ಅತಿಯಾಗಿ ಸಂಕೇತ ಕಳಿಸುತ್ತಿರುವ ಕೋಶಗಳಲ್ಲಿ ಇನೊಸಿಟಾಲ್ ಬರಿದಾಗಿ ಅವು ಶಾಂತವಾಗುತ್ತವೆ, ಸಹಜವಾಗಿ ಇರುವ ಕೋಶಗಳಿಗೆ ಅಷ್ಟು ತೊಂದರೆಯಾಗುವುದಿಲ್ಲ ಎಂಬ ವಾದವನ್ನು ಮೈಕೆಲ್ ಬೆರಿಡ್ಜ್ ಮತ್ತು ಸಂಗಡಿಗರು 1989ರಲ್ಲಿ ವಿವರವಾಗಿ ಮುಂದಿಟ್ಟರು. ನನ್ನ ಅನುಭವಕ್ಕೆ ಇದು ತುಂಬ ಹತ್ತಿರವಾಗಿದೆ. ಲಿಥಿಯಂ ನನ್ನನ್ನು ಮಂಕಾಗಿಸಲಿಲ್ಲ, ಅತಿರೇಕವನ್ನಷ್ಟೇ ತೆಗೆಯಿತು. ಎರಡನೆಯದು ಜಿಎಸ್‌ಕೆ-3 ಎಂಬ ಕಿಣ್ವ. ಲಿಥಿಯಂ ಇದನ್ನು ತಡೆಯುತ್ತದೆಂದು ಪೀಟರ್ ಕ್ಲೈನ್ ಮತ್ತು ಡಗ್ಲಸ್ ಮೆಲ್ಟನ್ 1996ರಲ್ಲಿ ತೋರಿಸಿದರು. ನೆನಪಿನ ಪ್ರಶ್ನೆಗೆ ಬೇಕಾದದ್ದು ಇದೇ ಕಿಣ್ವ.

ನೆನಪು ಉಳಿಯಬೇಕಾದರೆ ನರಕೋಶಗಳ ನಡುವಿನ ಸಂಧಿಗಳು ಬಲಗೊಳ್ಳಬೇಕು ಎಂಬುದು ಇಂದು ಬಹುತೇಕ ಎಲ್ಲರೂ ಒಪ್ಪುವ ಮಾತು. 1973ರಲ್ಲಿ ಟಿಮ್ ಬ್ಲಿಸ್ ಮತ್ತು ತೆರ್ಯೆ ಲೋಮೊ, ಮೊಲಗಳ ಮಿದುಳಿನಲ್ಲಿ ನೆನಪಿಗೆ ಮುಖ್ಯ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ, ಕ್ಷಣಕಾಲದ ತೀವ್ರ ಪ್ರಚೋದನೆಯಿಂದ ಸಂಧಿಗಳು ಗಂಟೆಗಟ್ಟಲೆ ಬಲವಾಗಿಯೇ ಉಳಿಯುವುದನ್ನು ವರದಿ ಮಾಡಿದರು. ಇದಕ್ಕೆ ಎದುರಾದ ಪ್ರಕ್ರಿಯೆಯೂ ಇದೆ, ಅದರಲ್ಲಿ ಸಂಧಿಗಳು ದುರ್ಬಲವಾಗುತ್ತವೆ. ಜಿಎಸ್‌ಕೆ-3 ದುರ್ಬಲಗೊಳಿಸುವ ಪಕ್ಷದ್ದು: ದುರ್ಬಲವಾಗಲು ಅದರ ಚಟುವಟಿಕೆ ಬೇಕು, ಬಲಗೊಳ್ಳುವಾಗ ಅದು ಅಡಗಿರುತ್ತದೆ ಎಂದು 2007ರ ಪ್ರಯೋಗಗಳು ತೋರಿಸಿದವು. ಇದೇ ಕಿಣ್ವ ಟೌ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟಿಸುತ್ತದೆ. ಆಲ್‌ಝೈಮರ್ ಕಾಯಿಲೆಯಲ್ಲಿ ಆ ಪ್ರೋಟೀನು ಕೋಶದೊಳಗೆ ಸಿಕ್ಕುಗಟ್ಟಿರುತ್ತದೆ. ಈ ಲೆಕ್ಕದಲ್ಲಿ ಲಿಥಿಯಂ ನೆನಪಿಗೆ ಶತ್ರುವಲ್ಲ, ಮಿತ್ರನಾಗಬೇಕು.

ನನ್ನ ಅನುಭವ ಅಷ್ಟು ಸರಳವಾಗಿಲ್ಲ. ಮಾತಿನ ನಡುವೆ ಬೇಕಾದ ಪದ ಒಂದು ಗಳಿಗೆ ತಡವಾಗಿ ಬರುತ್ತದೆ. ಓದಿದ್ದು ಮರೆಯುವುದಿಲ್ಲ, ಹೊರಗೆ ತೆಗೆಯುವಾಗ ಮಾತ್ರ ನಿಧಾನ. ಲಿಥಿಯಂ ತೆಗೆದುಕೊಳ್ಳುವ ಅನೇಕರು ಇದೇ ದೂರು ಹೇಳುತ್ತಾರೆ, ಆಲೋಚನೆಯ ವೇಗ ಸ್ವಲ್ಪ ತಗ್ಗುವುದನ್ನು ಅಧ್ಯಯನಗಳೂ ಗುರುತಿಸಿವೆ. ಆದರೆ ಬೈಪೋಲಾರ್ ಕಾಯಿಲೆಯೇ ಜ್ಞಾಪಕಶಕ್ತಿಯನ್ನು ಕುಂದಿಸುತ್ತದೆ. ಔಷಧದ ಪಾಲೆಷ್ಟು, ಕಾಯಿಲೆಯ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ಮೂರನೆಯ ಕಾರಣವೊಂದಿದೆ, ಇದನ್ನು ಪ್ರತಿಯೊಬ್ಬರೂ ತಿಳಿದಿರಬೇಕು: ಲಿಥಿಯಂ ಥೈರಾಯ್ಡ್ ಗ್ರಂಥಿಯ ಸ್ರಾವವನ್ನು ತಗ್ಗಿಸಬಹುದು, ಥೈರಾಯ್ಡ್ ಕಡಿಮೆಯಾದರೆ ಮರೆವು ಬರುತ್ತದೆ. ಒಂದು ಕಾದಂಬರಿಯ ಕರಡು ನೋಡುವಾಗ ಪಾತ್ರಗಳ ಹೆಸರುಗಳೇ ಕಲಸಿಹೋಗತೊಡಗಿದಾಗ ನಾನು ಮನೋವೈದ್ಯರಿಗೆ ಹೇಳಿದೆ. ಅವರು ಲಿಥಿಯಂ ಕಡಿಮೆ ಮಾಡಲು ಹೋಗದೆ ಮೊದಲು ಥೈರಾಯ್ಡ್ ಪರೀಕ್ಷೆ ಬರೆದರು. ಮಟ್ಟ ಇಳಿದಿತ್ತು. ಥೈರಾಕ್ಸಿನ್ ಮಾತ್ರೆ ಸೇರಿಸಿದ ಮೇಲೆ ಹೆಸರುಗಳು ಮರಳಿ ಬಂದವು. ಮರೆವಿಗೆ ಹೆದರಿ ಲಿಥಿಯಂ ಬಿಡಬೇಕೆಂದು ಯೋಚಿಸುವವರಿಗೆ ನನ್ನ ಕಳಕಳಿಯ ಮಾತು ಇದು: ತಾವಾಗಿಯೇ ಬಿಡಬೇಡಿ, ಮೊದಲು ರಕ್ತಪರೀಕ್ಷೆ ಮಾಡಿಸಿ. ಥಟ್ಟನೆ ನಿಲ್ಲಿಸಿದರೆ ಉನ್ಮಾದ ಮರುಕಳಿಸುವ ಸಾಧ್ಯತೆ ಹೆಚ್ಚು.

ಪರಿಣಾಮಕ್ಕೆ ಕಾಯಬೇಕಾದ ಕಾಲದ ಬಗ್ಗೆಯೂ ಹೇಳಬೇಕು. ಉನ್ಮಾದ ಇಳಿಯಲು ಒಂದರಿಂದ ಮೂರು ವಾರ ಹಿಡಿಯುತ್ತದೆ. ಕಿಣ್ವವನ್ನು ತಡೆಯಲು ಅಷ್ಟು ದಿನ ಬೇಕಿಲ್ಲ. ಕೋಶದೊಳಗಿನ ಸಂಕೇತಗಳು ಕೋಶಕೇಂದ್ರಕ್ಕೆ ತಲುಪಿ, ಕೆಲವು ವಂಶವಾಹಿಗಳ ಚಟುವಟಿಕೆ ಬದಲಾಗಿ, ಹೊಸ ಪ್ರೋಟೀನುಗಳು ಬರಬೇಕಾಗಿರುವುದೇ ಈ ವಿಳಂಬಕ್ಕೆ ಕಾರಣವೆಂದು ಸಂಶೋಧಕರು ನಂಬುತ್ತಾರೆ. ದೀರ್ಘಕಾಲದ ನೆನಪು ಮೂಡುವುದೂ ಹೀಗೆಯೇ. ಕಡಲ ಬಸವನಹುಳುವಿನ ನರಕೋಶಗಳಲ್ಲಿ ಇದನ್ನು ಹಂತಹಂತವಾಗಿ ಬಿಡಿಸಿ ತೋರಿಸಿದ ಎರಿಕ್ ಕ್ಯಾಂಡೆಲ್ 2000ದ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. ಈ ವಿವರ ಗೊತ್ತಾದ ಮೇಲೆ ಕಾಯುವುದು ನನಗೆ ಸಹನೀಯವಾಯಿತು.

ಮೂತ್ರಪಿಂಡದ ವಿಷಯದಲ್ಲಿ ಈ ಔಷಧಕ್ಕೆ ನಾನು ಅಂಕ ಕಳೆಯುತ್ತೇನೆ. ಬಾಯಾರಿಕೆ ನಿರಂತರ. ರಾತ್ರಿ ಎದ್ದು ಹೋಗುವುದು ತಪ್ಪಿದ್ದಲ್ಲ. ಮೂತ್ರಪಿಂಡದ ಕೋಶಗಳೊಳಗೆ ಸೇರಿದ ಲಿಥಿಯಂ, ನೀರನ್ನು ಮರಳಿ ಹೀರಿಕೊಳ್ಳುವ ಅಕ್ವಾಪೋರಿನ್-2 ಎಂಬ ನಾಳಗಳನ್ನು ಕಡಿಮೆ ಮಾಡುತ್ತದೆ. ಹಲವು ವರ್ಷ ನುಂಗಿದವರಲ್ಲಿ ಕೆಲವರ ಮೂತ್ರಪಿಂಡದ ಶಕ್ತಿಯೇ ಕುಂದುತ್ತದೆ. ಮೂತ್ರಪಿಂಡ ಲಿಥಿಯಂ ಅನ್ನು ಸೋಡಿಯಂನಂತೆಯೇ ನಡೆಸಿಕೊಳ್ಳುವುದರಿಂದ ಮೈಯಲ್ಲಿ ನೀರು ಅಥವಾ ಉಪ್ಪು ಕಡಿಮೆಯಾದರೆ ಸೋಡಿಯಂ, ಲಿಥಿಯಂ ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದೆ, ರಕ್ತದ ಲಿಥಿಯಂ ಮಟ್ಟ ಏರುತ್ತದೆ. ವಾಂತಿಭೇದಿ, ಜೋರು ಜ್ವರ ಬಂದಾಗ ವೈದ್ಯರಿಗೆ ಕೂಡಲೇ ತಿಳಿಸಬೇಕು. ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು, ರಕ್ತದೊತ್ತಡದ ಕೆಲವು ಔಷಧಗಳು ಸಹ ಮಟ್ಟವನ್ನು ಏರಿಸುತ್ತವೆ.

ಎಲ್ಲರಿಗೂ ಇದು ಒಗ್ಗುವುದಿಲ್ಲ. ಅತ್ಯುತ್ತಮ ಫಲ ಕಾಣುವವರು ಸುಮಾರು ಮೂರನೇ ಒಂದು ಭಾಗದಷ್ಟು ಮಂದಿ. ಯಾರಿಗೆ ಒಗ್ಗುತ್ತದೆ ಎಂದು ಮೊದಲೇ ಹೇಳಲು ಆಗುತ್ತದೆಯೇ? 2015ರಲ್ಲಿ ಅಮೆರಿಕದ ಸಾಲ್ಕ್ ಸಂಶೋಧನಾ ಸಂಸ್ಥೆಯ ಫ್ರೆಡ್ ಗೇಜ್ ಅವರ ತಂಡ ಬೈಪೋಲಾರ್ ರೋಗಿಗಳ ಚರ್ಮದ ಕೋಶಗಳಿಂದ ನರಕೋಶಗಳನ್ನು ಬೆಳೆಸಿತು. ಆ ನರಕೋಶಗಳು ಅತಿಯಾಗಿ ಉದ್ರೇಕಗೊಳ್ಳುತ್ತಿದ್ದವು. ಲಿಥಿಯಂ ಹಾಕಿದಾಗ, ಲಿಥಿಯಂನಿಂದ ಗುಣ ಕಂಡಿದ್ದ ರೋಗಿಗಳ ಕೋಶಗಳು ಮಾತ್ರ ತಣ್ಣಗಾದವು. ನಾನು ಓದಿದ ಸಂಶೋಧನೆಗಳಲ್ಲೆಲ್ಲ ನನ್ನನ್ನು ಅತಿಯಾಗಿ ಕಲಕಿದ್ದು ಇದೇ. ನನ್ನ ಕಾಯಿಲೆ ಇಚ್ಛಾಶಕ್ತಿಯ ಕೊರತೆಯಲ್ಲ, ನನ್ನಿಂದ ಬೇರ್ಪಟ್ಟ ಕೋಶವೊಂದರಲ್ಲೂ ಅದರ ಗುರುತು ಇರಬಲ್ಲದು ಎಂದು ತಿಳಿದಾಗ ಅದೆಷ್ಟೋ ವರ್ಷಗಳ ನಾಚಿಕೆ ಕಳಚಿಬಿತ್ತು.

ಇಷ್ಟು ಒಳ್ಳೆಯ ಔಷಧಕ್ಕೆ ಪ್ರಚಾರವೇ ಇಲ್ಲ. 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಹತ್ತು ಉನ್ಮಾದ ರೋಗಿಗಳ ಮೇಲೆ ಇದರ ಪರಿಣಾಮವನ್ನು ವರದಿ ಮಾಡಿದರು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ. ಧಾತುವಿಗೆ ಪೇಟೆಂಟ್ ಸಿಗುವುದಿಲ್ಲವಾದ್ದರಿಂದ ಇದನ್ನು ಮಾರುವುದರಲ್ಲಿ ಯಾರಿಗೂ ದೊಡ್ಡ ಲಾಭವಿಲ್ಲ. 2010ರಲ್ಲಿ ಪ್ರಕಟವಾದ ಬ್ಯಾಲೆನ್ಸ್ ಎಂಬ ಅಧ್ಯಯನದಲ್ಲಿ, ಕಾಯಿಲೆ ಮರುಕಳಿಸದಂತೆ ತಡೆಯುವಲ್ಲಿ ಇದು, ಬೈಪೋಲಾರ್ ಕಾಯಿಲೆಗೆ ಕೊಡುವ ಇನ್ನೊಂದು ಔಷಧವಾದ ವಾಲ್ಪ್ರೊಯೇಟ್‌ಗಿಂತ ಮೇಲೆಂದು ಕಂಡಿತು. 2013ರ ಒಂದು ಸಮಗ್ರ ವಿಶ್ಲೇಷಣೆ ಇದು ಆತ್ಮಹತ್ಯೆಯ ಅಪಾಯವನ್ನು ತಗ್ಗಿಸುತ್ತದೆ ಎಂದಿತು. ಅಮೆರಿಕದ ಮಾಜಿ ಸೈನಿಕರಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಆ ಲಾಭ ಕಾಣಲಿಲ್ಲ. ಎರಡನ್ನೂ ಹೇಳುವುದೇ ನ್ಯಾಯ.

2025ರಲ್ಲಿ ಮತ್ತೊಂದು ಸುದ್ದಿ ಬಂತು. ಆಲ್‌ಝೈಮರ್‌ನ ಅಮಿಲಾಯ್ಡ್ ಎಂಬ ಪ್ರೋಟೀನಿನ ಗಡ್ಡೆಗಳು ಮಿದುಳಿನ ಸಹಜ ಲಿಥಿಯಂ ಅನ್ನು ಸೆಳೆದಿಟ್ಟುಕೊಳ್ಳುತ್ತವೆ, ಲಿಥಿಯಂ ಓರೋಟೇಟ್ ಎಂಬ ಇನ್ನೊಂದು ಲಿಥಿಯಂ ಲವಣ ಕೊಟ್ಟ ಇಲಿಗಳಲ್ಲಿ ನೆನಪು ಸುಧಾರಿಸಿತು ಎಂದು ಹಾರ್ವರ್ಡ್ ತಂಡವೊಂದು ಪ್ರಕಟಿಸಿತು. ಅದಾದ ಮೇಲೆ ಲಿಥಿಯಂ ಪೂರಕಗಳನ್ನು ನೆನಪಿಗೆಂದು ನುಂಗಬಹುದೇ ಎಂದು ಪರಿಚಿತರು ನನ್ನನ್ನು ಕೇಳತೊಡಗಿದ್ದಾರೆ. ಬೇಡ ಎನ್ನುತ್ತೇನೆ. ಅದು ಇಲಿಗಳ ಫಲಿತಾಂಶ, ಮನುಷ್ಯರಲ್ಲಿ ಪರೀಕ್ಷೆಯಾಗಬೇಕು.

ತಯಾರಕರಲ್ಲಿ ನನ್ನದೊಂದು ಬೇಡಿಕೆ, ಇದನ್ನು ಕರಡು ತಿದ್ದುವವಳಾಗಿ ಕೇಳುತ್ತಿದ್ದೇನೆ. ಪೆಟ್ಟಿಗೆಯೊಳಗಿನ ಮಾಹಿತಿ ಚೀಟಿಯ ಅಕ್ಷರ ಇರುವೆ ಗಾತ್ರದ್ದು, ಮುಖ್ಯವಾದದ್ದೂ ಅಮುಖ್ಯವಾದದ್ದೂ ಒಂದೇ ಸಾಲಿನಲ್ಲಿ ಬೆರೆತಿವೆ. ರಕ್ತಪರೀಕ್ಷೆಯನ್ನು ಕೊನೆಯ ಮಾತ್ರೆ ನುಂಗಿದ 12 ಗಂಟೆಗಳ ನಂತರವೇ ಮಾಡಿಸಬೇಕು, ಇಲ್ಲವಾದರೆ ಅಂಕಿ ತಪ್ಪು ಹೇಳುತ್ತದೆ ಎಂಬ ಮಾತನ್ನೂ, ವಿಷದ ಲಕ್ಷಣಗಳನ್ನೂ ಪೆಟ್ಟಿಗೆಯ ಮೇಲೆಯೇ ದಪ್ಪ ಅಕ್ಷರಗಳಲ್ಲಿ ಅಚ್ಚು ಮಾಡಿ.