ತಾತನ ಪ್ರಾರ್ಥನೆ ಪುಸ್ತಕ ಬೈಂಡ್ ಮಾಡಿಸಿದ್ದು, ಕೋಲಾರ – 4 ಸ್ಟಾರ್

ಕೋಲಾರದಲ್ಲಿ ಹಳೇ ಪುಸ್ತಕಕ್ಕೆ ಕೈಯಲ್ಲಿ ಹೊಲಿಗೆ ಹಾಕೋರು ಇನ್ನೂ ಇದಾರಾ ಅಂತ ಕೇಳೋರಿಗೆ, ಇದಾರೆ, ಕ್ಲಾಕ್ ಟವರ್ ಕಡೆ ಗಲ್ಲೀಲಿರೋ ಈ ಅಂಗಡಿ. ಬೋರ್ಡಲ್ಲಿ ಬರೀ ಸ್ಪೈರಲ್, ಲ್ಯಾಮಿನೇಷನ್ ಅಂತ ಇರುತ್ತೆ, ಒಳಗೆ ಹೋಗಿ ಕೇಳಿದ್ರೆ ಮಾತ್ರ ಯಜಮಾನ್ರು ಸೂಜಿ ದಾರ ತೆಗೀತಾರೆ.

ನಾನು ಕೊಟ್ಟಿದ್ದು ತಾತನ ಇಂಗ್ಲಿಷ್ ಪ್ರಾರ್ಥನೆ ಪುಸ್ತಕ, ಇಂಗ್ಲೆಂಡ್ ಮೂಲದ ಆಂಗ್ಲಿಕನ್ ಸಭೆಯೋರು ಬಳಸೋ 1662ರ ಬುಕ್ ಆಫ್ ಕಾಮನ್ ಪ್ರೇಯರ್. ತಾತ ಕೆಜಿಎಫ್ ಮೈನ್ಸಲ್ಲಿ ಟೈಮ್ ಆಫೀಸ್ ಕ್ಲರ್ಕ್ ಆಗಿದ್ರು, ಊರ್ಗಾಂ ಕ್ವಾರ್ಟರ್ಸಿಂದ ನಡ್ಕೊಂಡು ಭಾನುವಾರ ಆರಾಧನೆಗೆ ಹೋಗ್ತಿದ್ರಂತೆ. ಮೊದಲ್ನೇ ಹಾಳೆ ಹೋಗ್ಬಿಟ್ಟಿದೆ, ಆದ್ರೆ ಒಳಗೆ ಜಾರ್ಜ್ ರಾಜ, ಮೇರಿ ರಾಣಿಗೋಸ್ಕರ ಪ್ರಾರ್ಥನೆ ಇರೋದ್ರಿಂದ 1910ರಿಂದ 1936ರ ಒಳಗಿಂದು ಅಂತ ಗೊತ್ತಾಗುತ್ತೆ. ಬೇರೆ ಭಾಗ ಎಲ್ಲಾ ಗಟ್ಟಿಯಾಗೇ ಇತ್ತು, ಕರ್ತನ ಭೋಜನದ, ಅಂದ್ರೆ ಚರ್ಚಲ್ಲಿ ರೊಟ್ಟಿ ದ್ರಾಕ್ಷಾರಸ ಹಂಚೋ ಆರಾಧನೆಯ, ಹಾಳೆಗಳು ಮಾತ್ರ ಬಿಡಿ ಬಿಡಿ ಆಗಿದ್ವು, ಕೆಳಗಡೆ ಮೂಲೆ ಎಲ್ಲಾ ಬೆರಳು ತಾಕಿ ತಾಕಿ ಕಂದು ಬಣ್ಣ ಬಂದು ಪೇಜ್ ನಂಬರ್ ಸಮೇತ ಉದುರಿಹೋಗಿತ್ತು.

ಕೆಲಸ ಅಂದ್ರೆ ಕೆಲಸ. ಮೈದಾ ಅಂಟಿಗೆ ಮೈಲುತುತ್ತ ಹಾಕ್ತಾರೆ, ಹುಳ ಹಿಡಿಯಲ್ಲ. ಹರಿದಿದ್ದ ಅಂಚಿಗೆಲ್ಲ ತೆಳು ಕಾಗದ ಅಂಟಿಸಿ, ಒಣಗಿಸಿ, ಕಟ್ಟು ಕಟ್ಟಾಗಿ ಹೊಲಿದು, ಕಪ್ಪು ರೆಕ್ಸಿನ್ ಹಾಕಿ ಕೊಟ್ರು. 12 ದಿನ, 450 ರೂಪಾಯಿ. ನನಗಂತೂ ಕಮ್ಮಿನೇ ಅನ್ಸ್ತು.

ಮನೆಗೆ ತಂದು ಅಮ್ಮನ ಕೈಗೆ ಕೊಟ್ಟೆ, ಅಮ್ಮಂಗೆ ಆ ಭಾಗ ಬಾಯಿಪಾಠ, ಓದ್ತಾ ಓದ್ತಾ ನಿಲ್ಸಿ "ಇನ್ನೂ ರೊಟ್ಟಿ ದ್ರಾಕ್ಷಾರಸ ಕೊಟ್ಟೇ ಇಲ್ವಲ್ಲೋ, ಅಷ್ಟರಲ್ಲೇ ಇದ್ಯಾಕೆ ಬಂತು?" ಅಂದ್ರು. ನೋಡಿದ್ರೆ ಒಂದು ಹಾಳೆ ಹಿಂದೆ ಮುಂದೆ ಆಗಿದೆ. ರೊಟ್ಟಿ ದ್ರಾಕ್ಷಾರಸ ಹಂಚಿದ ಮೇಲೆ ಬರಬೇಕಾದ ಪ್ರಾರ್ಥನೆ, "ನಮ್ಮ ಈ ಸ್ತೋತ್ರ ಮತ್ತು ಕೃತಜ್ಞತೆಯ ಬಲಿಯನ್ನು ಅಂಗೀಕರಿಸು" ಅನ್ನೋದು, ಹಂಚೋಕೆ ಮುಂಚೇನೇ ಬಂದು ಕೂತಿದೆ.

ಒಂದು ಹಾಳೆಗೆ ಯಾಕಿಷ್ಟು ಅಂತ ಕೇಳ್ಬೇಡಿ, ಈ ಹಾಳೆ ಎಲ್ಲಿರಬೇಕು ಅನ್ನೋದಕ್ಕೆ ಆಂಗ್ಲಿಕನ್ನರು ನಾನೂರು ವರ್ಷಕ್ಕಿಂತ ಜಾಸ್ತಿ ಗುದ್ದಾಡಿದಾರೆ. 1549ರಲ್ಲಿ ಕ್ಯಾಂಟರ್ಬರಿ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ ಮೊದಲ ಪುಸ್ತಕ ತಂದಾಗ ಆ ಪ್ರಾರ್ಥನೆ ಹಂಚೋಕೆ ಮುಂಚೆನೇ ಇತ್ತು, ಅಂದ್ರೆ ನಮ್ಮ ಬೈಂಡರ್ ಇಟ್ಟ ಜಾಗದಲ್ಲೇ. ಅಲ್ಲಿದ್ರೆ ಗುರು ರೊಟ್ಟಿ ದ್ರಾಕ್ಷಾರಸನೇ ದೇವರಿಗೆ ಬಲಿಯಾಗಿ ಅರ್ಪಿಸ್ತಾರೆ ಅಂತ ಜನ ತಿಳ್ಕೊಂಡುಬಿಡ್ತಾರಲ್ಲ, ಅದಕ್ಕೆ 1552ರಲ್ಲಿ ಅದನ್ನ ಕಿತ್ತು ಹಂಚಿದ ಮೇಲಕ್ಕೆ ಹಾಕಿದ್ರು, ಬಲಿಪೀಠ ಅನ್ನೋ ಪದಾನೂ ತೆಗೆದು ಮೇಜು ಅಂತ ಮಾಡಿದ್ರು. ಕ್ಯಾಥೊಲಿಕ್ ಆಗಿದ್ದ ಒಂದನೇ ಮೇರಿ ರಾಣಿ ಕಾಲದಲ್ಲಿ, 1556ರಲ್ಲಿ, ಕ್ರಾನ್ಮರನ್ನ ಆಕ್ಸ್‌ಫರ್ಡಲ್ಲಿ ಸುಟ್ಟೇಬಿಟ್ರು. 1637ರಲ್ಲಿ ಸ್ಕಾಟ್ಲೆಂಡಿಗೆ ಅಂತ ಮಾಡಿದ ಪುಸ್ತಕದಲ್ಲಿ ಅದೇ ಪ್ರಾರ್ಥನೆ ವಾಪಸ್ ಹಂಚೋಕೆ ಮುಂಚಿನ ಜಾಗಕ್ಕೇ ಬಂತು, 1789ರಲ್ಲಿ ಅಮೆರಿಕದೋರೂ ಹಂಗೇ ಇಟ್ಕೊಂಡ್ರು. ಹಂಗಾಗಿ ಮುಂಚೆ ಇಟ್ಟೋರು ಆಂಗ್ಲಿಕನ್ನರಲ್ಲ ಅಂತ ಯಾರೂ ಹೇಳಂಗಿಲ್ಲ.

ನಮ್ಮ ಕನ್ನಡದಲ್ಲೇ ನೋಡಿ, ಕ್ಯಾಥೊಲಿಕ್ ಅಕ್ಕಪಕ್ಕದೋರು ಬಲಿಪೂಜೆಗೆ ಹೋಗ್ತೀವಿ ಅಂತಾರೆ, ನಾವು ಕರ್ತನ ಭೋಜನ ಅಂತೀವಿ, ಜಗಳ ಪೂರ್ತಿ ಆ ಎರಡು ಹೆಸರಲ್ಲೇ ಇದೆ. ಪುಸ್ತಕದ ಕೊನೇಲಿ ಆಂಗ್ಲಿಕನ್ ನಂಬಿಕೆಯ 39 ವಿಧಿಗಳಿದಾವೆ, 31ನೇದ್ರಲ್ಲಿ ಕ್ರಿಸ್ತನು ಒಂದೇ ಸಲ ಅರ್ಪಿಸಿದ್ದೇ ಲೋಕದ ಪಾಪಕ್ಕೆಲ್ಲ ಸಾಕು, ಪೂಜೆಪೂಜೇಲೂ ಗುರುಗಳು ಕ್ರಿಸ್ತನನ್ನ ಬಲಿ ಕೊಡ್ತಾರೆ ಅನ್ನೋದು ಕಟ್ಟುಕತೆ, ಮೋಸ ಅಂತ ಖಾರವಾಗಿ ಬರೆದಿದಾರೆ. ಆ ಮಾತು ಓದುವಾಗ ನನಗೆ ಕಷ್ಟ ಆಗುತ್ತೆ, ಕೆಜಿಎಫಲ್ಲಿ ಕ್ರಿಸ್‌ಮಸ್ ದಿನ ನಮ್ಮನೆ ತಟ್ಟೆ ಅವರ ಮನೆಗೆ, ಅವರ ಮನೆ ತಟ್ಟೆ ನಮ್ಮನೆಗೆ ಬರ್ತಿತ್ತು. 1896ರಲ್ಲಿ ಪೋಪ್ 13ನೇ ಲಿಯೋ ಆಂಗ್ಲಿಕನ್ನರಿಗೆ, ನಿಮ್ಮ ಗುರುದೀಕ್ಷೆನೇ ಸಲ್ಲದು, ಬಲಿ ಅರ್ಪಿಸೋ ಉದ್ದೇಶ ಅದರಲ್ಲಿಲ್ಲ ಅಂದಾಗ, ಮಾರನೇ ವರ್ಷ ಕ್ಯಾಂಟರ್ಬರಿ ಮತ್ತು ಯಾರ್ಕ್ ಆರ್ಚ್‌ಬಿಷಪ್‌ಗಳು ನಮ್ಮಲ್ಲೂ ಬಲಿ ಇದೆ ಅಂತ ಉತ್ತರ ಕೊಟ್ರು, ಸ್ತೋತ್ರದ ಬಲಿ, ಶಿಲುಬೆಯ ಬಲಿಯನ್ನ ತಂದೆಯ ಮುಂದೆ ಇಟ್ಟು ಬೇಡೋದು, ಆಮೇಲೆ ನಮ್ಮನ್ನೇ ನಾವು ಕೊಡೋದು ಅಂತ. 1971ರಲ್ಲಿ ಕ್ಯಾಥೊಲಿಕ್, ಆಂಗ್ಲಿಕನ್ ಎರಡೂ ಕಡೆಯೋರು ಇಂಗ್ಲೆಂಡಿನ ವಿಂಡ್ಸರಲ್ಲಿ ಕೂತು, ಶಿಲುಬೆ ಒಂದೇ ಸಲ ಆಗಿದ್ದು, ಅದನ್ನ ಮತ್ತೆ ಮಾಡೋಕಾಗಲ್ಲ, ಅದಕ್ಕೇನೂ ಸೇರ್ಸೋಕಾಗಲ್ಲ ಅಂತ ಒಪ್ಕೊಂಡ್ರು. ಇದು ನನಗೆ ತುಂಬಾ ಸಮಾಧಾನ ಕೊಟ್ಟ ವಿಷಯ.

ಆದ್ರೂ ಆ ಹಾಳೆ ತನ್ನ ಜಾಗಕ್ಕೇ ಹೋಗಬೇಕು ಅಂತ ಅಮ್ಮಂದು ನಂದು ಇಬ್ಬರದೂ ಹಠ. ಯಾಕಂದ್ರೆ ಆ ಪ್ರಾರ್ಥನೇಲೇ ಮುಂದೆ ನಮ್ಮ ಆತ್ಮ, ದೇಹ ಎಲ್ಲಾ ಸಜೀವಯಜ್ಞವಾಗಿ ನಿನಗೆ ಅರ್ಪಿಸ್ತೀವಿ ಅಂತ ಬರುತ್ತೆ. ಮೊದಲು ಇಸ್ಕೋತೀವಿ, ಆಮೇಲೆ ಕೊಡ್ತೀವಿ. ಕೈ ಚಾಚಿ ಮಂಡಿಯೂರಿದೋರ ಹತ್ರ ಕೊಡೋಕೆ ಮೊದಲೇನಿರುತ್ತೆ? 1947ರಲ್ಲಿ ಆಂಗ್ಲಿಕನ್ನರೂ ಬೇರೆ ಪ್ರಾಟೆಸ್ಟೆಂಟರೂ ಸೇರಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಆದ್ಮೇಲೆ ಬಂದ ನಮ್ಮ ಆರಾಧನಾ ಕ್ರಮದಲ್ಲೂ ನಮ್ಮನ್ನ ನಾವು ಅರ್ಪಿಸ್ಕೊಳ್ಳೋ ಮಾತು ತಗೊಂಡ ಮೇಲೆ ಬರುತ್ತೆ.

ಇಷ್ಟನ್ನೂ ಅಂಗಡೀಲಿ ಹೇಳಲಿಲ್ಲ, ಹಾಳೆ ತಪ್ಪಿದೆ ಅಂದೆ ಅಷ್ಟೇ. ಯಜಮಾನ್ರು "ದೇವರ ಪುಸ್ತಕ, ತಪ್ಪಿರಬಾರದು" ಅಂತ ನನ್ನೆದುರೇ ಆ ಕಟ್ಟಿನ ಹೊಲಿಗೆ ಬಿಚ್ಚಿ, ಹಾಳೆ ಸರಿ ಮಾಡಿ, ಮತ್ತೆ ಹೊಲಿದ್ರು, ಒಂದು ರೂಪಾಯಿ ಜಾಸ್ತಿ ತಗೊಳ್ಳಲಿಲ್ಲ.

ಒಂದು ಸ್ಟಾರ್ ಕಮ್ಮಿ ಮಾಡಿದ್ದು ಇದಕ್ಕಲ್ಲ, ಕಟಿಂಗ್‌ಗೆ. ಅಂಚು ಸಮ ಮಾಡೋಕೆ ಅಂತ ಮಷಿನ್‌ಗೆ ಕೊಟ್ಟಿದಾರೆ, ತಾತ ಪಕ್ಕದಲ್ಲಿ ಪೆನ್ಸಿಲಲ್ಲಿ ಬರ್ಕೊಂಡಿದ್ದ ಸಣ್ಣ ಸಣ್ಣ ಮಾತು ಅರ್ಧರ್ಧ ಹೋಗಿದೆ. ನನ್ನ ಕೇಳಬೇಕಿತ್ತು. ಪುಣ್ಯಕ್ಕೆ ರೊಟ್ಟಿ ದ್ರಾಕ್ಷಾರಸ ಪವಿತ್ರ ಮಾಡೋ ಪ್ರತಿಷ್ಠಾಪನೆ ಪ್ರಾರ್ಥನೇಲಿ "ಒಂದೇ ಸಲ" ಅನ್ನೋ ಪದದ ಕೆಳಗೆ ತಾತ ಎಳೆದಿದ್ದ ಎರಡು ಗೆರೆ ಹಂಗೇ ಇದೆ, ಅದರ ಮೇಲೆ ಬಿದ್ದಿದ್ದ ಮೇಣದ ಹನಿನೂ ಹಂಗೇ ಇದೆ.

ಹೋಗೋರು ಹಾಳೆ ಬಿಡಿ ಆಗಿದ್ರೆ ಮೂಲೇಲಿ ಪೆನ್ಸಿಲಲ್ಲಿ ನಂಬರ್ ಹಾಕಿ ಕೊಡಿ, ಅವರಿಗೆ ಇಂಗ್ಲಿಷ್ ಓದೋಕೆ ಬರಲ್ಲ. ಅಂಚು ಕಟ್ ಮಾಡ್ಬೇಡಿ ಅಂತ ಮೊದಲೇ ಹೇಳಿ. ಸಂಜೆ ಹೊತ್ತು ಪ್ರಾಜೆಕ್ಟ್ ರಿಪೋರ್ಟ್ ಹುಡುಗರ ರಶ್ ಇರುತ್ತೆ, ಬೆಳಿಗ್ಗೆ ಹೋದ್ರೆ ಕೂತು ಮಾತಾಡ್ತಾರೆ.