ಪೇಸ್ ನೋಟ್ಸ್: ಮಾತೋ, ಅಂಕಿಯೋ, ಡಿಗ್ರಿಯೋ, ರೆಡಿಮೇಡೋ?

ಹವ್ಯಾಸಿ ರ‍್ಯಾಲಿ ತಂಡದವರು ಟೈರ್ ಬಗ್ಗೆ ರಾತ್ರಿಯೆಲ್ಲ ಮಾತಾಡುತ್ತಾರೆ, ಸಸ್ಪೆನ್ಷನ್‌ಗೆ ಸಾಲ ಮಾಡುತ್ತಾರೆ. ಪೇಸ್ ನೋಟ್ಸ್, ಅಂದರೆ ಮುಂದಿನ ತಿರುವು ಎಂಥದ್ದೆಂದು ಡ್ರೈವರಿಗೆ ಓದಿ ಹೇಳಲು ಬರೆದಿಟ್ಟ ಟಿಪ್ಪಣಿ, ಅದರ ವಿಷಯಕ್ಕೆ ಬಂದರೆ ಮಾತ್ರ, ಮೊದಲ ಸಲ ಯಾರೋ ಹೇಳಿಕೊಟ್ಟದ್ದನ್ನೇ ವರ್ಷಗಟ್ಟಲೆ ನಡೆಸಿಕೊಂಡು ಹೋಗುತ್ತಾರೆ. ಪುಕ್ಕಟೆ ಸಿಗುವ ವೇಗ ಏನಾದರೂ ಇದ್ದರೆ ಅದು ಆ ನೋಟ್‌ಬುಕ್ಕಿನಲ್ಲೇ ಇದೆ ಎನ್ನುವುದು ನನ್ನ ಅನುಭವ.

ನಾನು ಕೂರುವುದು ನ್ಯಾವಿಗೇಟರ್ ಸೀಟಿನಲ್ಲಿ. ಪೆನ್ಸಿಲ್ಲು, ಪುಸ್ತಕ ನನ್ನದು, ಸ್ಟೀರಿಂಗ್ ಗೆಳೆಯನದು. ಇಬ್ಬರೂ ವಾರವಿಡೀ ಬೇರೆ ಕೆಲಸ ಮಾಡಿ, ವಾರಾಂತ್ಯಕ್ಕೆ ಹೆಲ್ಮೆಟ್ ಹಾಕುವವರು. ಹಾಗಾಗಿ ವಿಶ್ವ ಚಾಂಪಿಯನ್ನರಿಗೆ ಯಾವ ಪದ್ಧತಿ ಒಳ್ಳೆಯದು ಎನ್ನುವುದು ನಮಗೆ ಮುಖ್ಯವಲ್ಲ. ನಿದ್ದೆಗೆಟ್ಟ, ಅಭ್ಯಾಸ ಕಡಿಮೆಯಿರುವ ಇಬ್ಬರಿಗೆ ಯಾವುದು ಕೈಕೊಡುವುದಿಲ್ಲ? ಬೇರೆ ಬೇರೆ ಸ್ಪರ್ಧೆಗಳಲ್ಲಿ ನಾಲ್ಕು ಬಗೆ ಪ್ರಯೋಗಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ: ಮಾತಿನ ವಿವರಣೆ, 1ರಿಂದ 6ರವರೆಗಿನ ಅಂಕಿ, ಡಿಗ್ರಿ, ಮತ್ತು ಯಂತ್ರ ತಯಾರಿಸಿದ ರೆಡಿಮೇಡ್ ನೋಟ್ಸ್.

ಅಳತೆಗೋಲು ಏನು ಎಂದು ಮೊದಲೇ ಹೇಳಿಬಿಡುತ್ತೇನೆ. ಸ್ಪರ್ಧೆಗೆ ಮುಂಚೆ ರೆಕ್ಕಿ ಇರುತ್ತದೆ. ಒಂದೊಂದು ಸ್ಟೇಜನ್ನೂ (ಸಮಯ ಅಳೆದು ಓಡಿಸುವ ರಸ್ತೆಯ ತುಂಡು) ಸಾದಾ ಕಾರಿನಲ್ಲಿ, ವೇಗಮಿತಿಯೊಳಗೆ, ಹೆಚ್ಚಿನ ಕಡೆ ಎರಡೇ ಸಲ ನೋಡಲು ಬಿಡುತ್ತಾರೆ. ಮೊದಲ ಸಲ ಡ್ರೈವರ್ ಹೇಳುತ್ತಾನೆ, ನಾನು ಬರೆಯುತ್ತೇನೆ. ಎರಡನೇ ಸಲ ನಾನು ಓದುತ್ತೇನೆ, ಅವನು ತಿದ್ದುತ್ತಾನೆ. ಈ ಹಂತದಲ್ಲಿ ಯಾವ ಪದ್ಧತಿಯಾದರೂ ಚೆನ್ನಾಗಿಯೇ ಕಾಣುತ್ತದೆ. ಬಣ್ಣ ಬಯಲಾಗುವುದು ಸ್ಪರ್ಧೆಯ ದಿನ, ಅದೇ ಸ್ಟೇಜನ್ನು ಎರಡನೇ ಸಲ ಓಡಿಸುವಾಗ. ಅಷ್ಟರೊಳಗೆ ನಮಗಿಂತ ಮುಂಚೆ ಹೋದ ಕಾರುಗಳು ಸಡಿಲ ಜಲ್ಲಿಯನ್ನು ಬದಿಗೆ ತಳ್ಳಿ, ಆಳವಾದ ಗಾಲಿಜಾಡು ಕೊರೆದು, ತಿರುವಿನ ಒಳಬದಿಯ ಕಲ್ಲುಗಳನ್ನು ಕಿತ್ತು ರಸ್ತೆಯ ಮೇಲೆ ಎಸೆದಿರುತ್ತವೆ. ನಮ್ಮಂಥವರ ಸರದಿ ಪಟ್ಟಿಯ ಬಾಲದಲ್ಲಿ. ಜಲ್ಲಿ ಗುಡಿಸಿದ ರಸ್ತೆ ಸಿಕ್ಕಿತೆಂದು ಖುಷಿಪಡುವಷ್ಟರಲ್ಲಿ ಜಾಡಿನಲ್ಲಿ ಕಾರಿನ ಹೊಟ್ಟೆ ಉಜ್ಜುತ್ತದೆ. ರೆಕ್ಕಿಯಲ್ಲಿ ಕಂಡ ರಸ್ತೆಗೂ ಇದಕ್ಕೂ ಸಂಬಂಧವೇ ಇರುವುದಿಲ್ಲ. ಆಗಲೂ ನಂಬಬಹುದಾದ ನೋಟ್ಸ್ ಯಾವುದು ಎನ್ನುವುದೇ ನನ್ನ ಪರೀಕ್ಷೆ.

ಮಾತಿನ ವಿವರಣೆಯಿಂದಲೇ ಎಲ್ಲರೂ ಶುರುಮಾಡುವುದು. ಫಾಸ್ಟ್, ಮೀಡಿಯಂ, ಸ್ಲೋ, ಸ್ಕ್ವೇರ್ (ಲಂಬ ಮೂಲೆ), ಹೇರ್‌ಪಿನ್ (ಬಂದ ದಿಕ್ಕಿಗೇ ಮರಳುವ ತಿರುವು). ಹೊಸಬರಿಗೆ ಇದರಷ್ಟು ಸಲೀಸಾದದ್ದು ಬೇರೆ ಇಲ್ಲ. ಕೇಳಿದ ತಕ್ಷಣ ತಿರುವು ಕಣ್ಣಿಗೆ ಕಟ್ಟುತ್ತದೆ. ತೊಂದರೆ ಎರಡು. ಒಂದು, ‘ಮೀಡಿಯಂ’ ಎನ್ನುವುದು ಎಳೆದಷ್ಟೂ ಹಿಗ್ಗುತ್ತದೆ. ಬೆಳಿಗ್ಗೆ ಉತ್ಸಾಹದಲ್ಲಿ ಮೀಡಿಯಂ ಎಂದದ್ದು ಸಂಜೆ ಸುಸ್ತಾದಾಗ ಸ್ಲೋ ಆಗಿರುತ್ತದೆ. ಇನ್ನೊಂದು, ಬಾಯಿ ಸಾಲುವುದಿಲ್ಲ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಹತ್ತಿರಹತ್ತಿರ 28 ಮೀಟರ್ ಓಡುತ್ತದೆ. ‘ಮೀಡಿಯಂ ಲೆಫ್ಟ್ ಟೈಟನ್ಸ್ ಟು ಸ್ಲೋ, ಡೋಂಟ್ ಕಟ್’ (ಎಡತಿರುವು ಮುಂದೆ ಬಿಗಿಯಾಗುತ್ತದೆ, ಒಳಬದಿ ಒತ್ತಿ ಹೋಗಬೇಡ) ಎಂದು ಮುಗಿಸುವಷ್ಟರಲ್ಲಿ ಆ ತಿರುವು ಕನ್ನಡಿಯಲ್ಲಿ ಕಾಣುತ್ತಿರುತ್ತದೆ. ಬಿಡಿಬಿಡಿ ತಿರುವುಗಳ ಅಗಲ ರಸ್ತೆಯಲ್ಲಿ ಇದು ಧಾರಾಳವಾಗಿ ನಡೆಯುತ್ತದೆ. ಕಾಡಿನೊಳಗಿನ ಸುತ್ತುಬಳಸು ದಾರಿಯಲ್ಲಿ ನಡೆಯುವುದಿಲ್ಲ.

ಡಿಗ್ರಿ ಪದ್ಧತಿಯನ್ನು ಬೇಗ ಮುಗಿಸಿಬಿಡೋಣ, ನಾವೂ ಅದನ್ನು ಬೇಗನೇ ಕೈಬಿಟ್ಟೆವು. ರಸ್ತೆ ಎಷ್ಟು ಡಿಗ್ರಿ ತಿರುಗುತ್ತದೆ ಎನ್ನುವುದೇ ಇಲ್ಲಿ ತಿರುವಿನ ಹೆಸರು: 30, 60, 90, 120. ಫ್ರೆಂಚ್ ಡ್ರೈವರುಗಳಲ್ಲಿ ಇದು ಹಳೆಯ ರೂಢಿ, ಅವರು ಇದರಲ್ಲೇ ಗೆದ್ದಿದ್ದಾರೆ ಕೂಡ. ಕಾಗದದ ಮೇಲೆ ಇದಕ್ಕಿಂತ ಕರಾರುವಾಕ್ಕಾದದ್ದು ಇಲ್ಲ. ಆದರೆ ತಿರುವುಗಳ ನಡುವಿನ ದೂರವನ್ನೂ ನಾವು ಮೀಟರಿನಲ್ಲಿ ಕೂಗುತ್ತೇವಲ್ಲ? ‘ಫಿಫ್ಟಿ, ರೈಟ್ ಸಿಕ್ಸ್ಟಿ, ಎಯ್ಟಿ, ಲೆಫ್ಟ್ ನೈಂಟಿ’ ಎಂದು ಇಂಟರ್‌ಕಾಮಿನಲ್ಲಿ, ಎಂಜಿನ್ ಅರಚಾಟದ ನಡುವೆ, ಜಲ್ಲಿ ತಳಕ್ಕೆ ಬಡಿಯುವಾಗ ಕೇಳಿ ನೋಡಿ. ಯಾವುದು ದೂರ, ಯಾವುದು ತಿರುವು? ‘ನೈಂಟಿ ಮೀಟರೋ, ನೈಂಟಿ ಡಿಗ್ರಿಯೋ, ಸರಿಯಾಗಿ ಹೇಳೋ ಮಾರಾಯ’ ಎಂದು ಗೆಳೆಯ ಸ್ಟೇಜಿನ ಮಧ್ಯೆಯೇ ಕೇಳಿದ ಮೇಲೆ ಆ ಪುಸ್ತಕ ಮುಚ್ಚಿದೆವು. ಚಿಕ್ಕಂದಿನಿಂದ ಅದೇ ಕಿವಿಗೆ ಬಿದ್ದವರ ಮಾತು ಬೇರೆ.

ಇನ್ನು ಅಂಕಿ. 1 ಎಂದರೆ ಅತಿ ಬಿಗಿಯಾದ ತಿರುವು, 6 ಎಂದರೆ ಹೆಚ್ಚುಕಡಿಮೆ ನೇರ. ಹೇರ್‌ಪಿನ್ನಿಗೆ ಅದರದೇ ಹೆಸರು. ಕೆಲವರು ಇದನ್ನೇ ತಿರುಗಿಸಿ 1 ಅನ್ನು ಅತಿ ವೇಗದ್ದಾಗಿ ಇಟ್ಟುಕೊಳ್ಳುತ್ತಾರೆ, ಅದು ಅವರವರ ಇಷ್ಟ. ‘ಲೆಫ್ಟ್ ಫೋರ್ ಟೈಟನ್ಸ್ ಟೂ’ ಎಂದರೆ ಮುಗಿಯಿತು, ಚುಟುಕಾಗಿ, ಗಲಿಬಿಲಿಯಿಲ್ಲದೆ. ಇಲ್ಲಿಯವರೆಗೆ ಯಾರ ತಕರಾರೂ ಇಲ್ಲ. ಜಗಳ ಇರುವುದು ಅಂಕಿಯನ್ನು ಯಾವುದರ ಮೇಲೆ ಇಡಬೇಕು ಎನ್ನುವುದರಲ್ಲಿ, ಮತ್ತು ಈ ಹೋಲಿಕೆಯ ತಿರುಳು ಇರುವುದೂ ಅಲ್ಲೇ.

ಮೊದಲು ನಾವು ಗೇರಿನ ಮೇಲೆ ಇಟ್ಟೆವು: ಯಾವ ಗೇರಿನಲ್ಲಿ ಹೋಗಬಹುದೋ ಅದೇ ತಿರುವಿನ ಅಂಕಿ. ಡ್ರೈವರಿಗೆ ಸಕ್ಕರೆ ತಿಂದ ಹಾಗೆ; ಮೂರು ಎಂದ ಕೂಡಲೇ ಕೈ ಮೂರನೇ ಗೇರಿಗೆ ಹೋಗುತ್ತದೆ. ಆದರೆ ಗೇರು ರಸ್ತೆಯ ಗುಣವಲ್ಲ, ಆ ಹೊತ್ತಿನ ಗುಣ. ಏರಿನಲ್ಲಿ ಎರಡನೇ ಗೇರು ಕೇಳುವ ತಿರುವು ಇಳಿಜಾರಿನಲ್ಲಿ ಮೂರನೆಯದರಲ್ಲಿ ಹೋಗುತ್ತದೆ. ಮಳೆ ಬಿದ್ದರೆ ಎಲ್ಲ ಅಂಕಿಯೂ ಸುಳ್ಳು. ಗೇರ್‌ಬಾಕ್ಸಿನ ಅನುಪಾತ ಬದಲಿಸಿದರೆ ಹಳೆಯ ಪುಸ್ತಕ ರದ್ದಿ. ಅದಕ್ಕಿಂತ ಹೆಚ್ಚಾಗಿ, ರೆಕ್ಕಿಯಲ್ಲಿ ನಿಧಾನವಾಗಿ ಹೋಗುತ್ತಾ ‘ಸ್ಪರ್ಧೆಯ ದಿನ ಇಲ್ಲಿ ಎಷ್ಟು ವೇಗದಲ್ಲಿ ಬರುತ್ತೇನೆ’ ಎಂದು ಊಹಿಸಬೇಕು. ಪರಿಣತರಿಗೆ ಆ ಊಹೆ ಕೂಡಿಬರುತ್ತದೆ. ವರ್ಷಕ್ಕೆ ಬೆರಳೆಣಿಕೆಯ ಸ್ಪರ್ಧೆಗೆ ಹೋಗುವವರ ಊಹೆ ಅವರ ಆ ದಿನದ ಧೈರ್ಯದ ಮೇಲೆ ನಿಂತಿರುತ್ತದೆ.

ಆಮೇಲೆ ಅಂಕಿಯನ್ನು ತಿರುವಿನ ಆಕಾರಕ್ಕೆ ಕಟ್ಟಿದೆವು. ರೆಕ್ಕಿ ಕಾರಿನ ಸ್ಟೀರಿಂಗ್ ಚಕ್ರದ ನೆತ್ತಿಯಲ್ಲಿ, ಗಡಿಯಾರದ ಹನ್ನೆರಡರ ಜಾಗದಲ್ಲಿ, ಒಂದು ತುಂಡು ಹಳದಿ ಟೇಪು. ತಿರುವಿನಲ್ಲಿ ಚಕ್ರ ತಿರುಗಿದಾಗ ಟೇಪು ಎಲ್ಲಿಗೆ ಬಂತು ನೋಡುವುದು. ಒಂದರ ಹತ್ತಿರ ನಿಂತರೆ 6, ಎರಡಕ್ಕೆ 5, ಮೂರು ದಾಟಿದರೆ 4, ಹೀಗೆ ನಮ್ಮದೇ ಕೋಷ್ಟಕ. ಮೊದಮೊದಲು ಗೆಳೆಯನಿಗೆ ಇದು ಬಾಲವಾಡಿ ಆಟದಂತೆ ಕಂಡಿತು. ಆದರೆ ಮಧ್ಯಾಹ್ನದ ಸ್ಟೇಜಿನ 4ಕ್ಕೂ ಬೆಳಗಿನ 4ಕ್ಕೂ ವ್ಯತ್ಯಾಸ ಉಳಿಯಲಿಲ್ಲ, ಏಕೆಂದರೆ ಅಳೆದದ್ದು ಧೈರ್ಯವನ್ನಲ್ಲ, ಚಕ್ರವನ್ನು. ಒಂದು ಷರತ್ತಿದೆ: ಒಂದೊಂದು ಕಾರಿನ ಸ್ಟೀರಿಂಗ್ ಅನುಪಾತ ಒಂದೊಂದು ಥರ, ಆದ್ದರಿಂದ ರೆಕ್ಕಿಗೆ ಪ್ರತಿ ಸಲವೂ ಒಂದೇ ಕಾರು ಬೇಕು.

ಎರಡನೇ ಓಟದಲ್ಲಿ ಈ ಪದ್ಧತಿ ಏಕೆ ಗೆಲ್ಲುತ್ತದೆ ಎಂದರೆ, ಜಲ್ಲಿ ಹೋಗಲಿ, ಜಾಡು ಬೀಳಲಿ, ಮಳೆ ಬರಲಿ, ತಿರುವಿನ ಆಕಾರ ಬದಲಾಗುವುದಿಲ್ಲ. 4 ನಾಲ್ಕೇ. ಅದರಲ್ಲಿ ಎಷ್ಟು ವೇಗ ಒಯ್ಯಬೇಕೆಂದು ಎದುರಿನ ನೆಲ ನೋಡಿ ಡ್ರೈವರ್ ತೀರ್ಮಾನಿಸುತ್ತಾನೆ. ನಾನು ತಿದ್ದಬೇಕಾದ್ದು ‘ಕಟ್’ ಎಂದಿದ್ದ ಜಾಗಗಳನ್ನಷ್ಟೇ. ಬೆಳಿಗ್ಗೆ ಒಳಬದಿ ಒತ್ತಿ ಹೋದ ಕಡೆಯೆಲ್ಲ ಈಗ ಕಲ್ಲಿನ ಗುಂಡಿ ಇರುತ್ತದೆ. ಸರ್ವಿಸ್ ಪಾರ್ಕಿನಲ್ಲಿ (ಸ್ಟೇಜುಗಳ ನಡುವೆ ಕಾರು ರಿಪೇರಿ ಮಾಡುವ ಜಾಗ) ಸಿಗುವ ಕೆಲವೇ ನಿಮಿಷಗಳಲ್ಲಿ ಇಷ್ಟು ಆಗುವ ಮಾತು. ಗೇರಿನ ಅಂಕಿಯಿದ್ದಾಗ ಪುಟಪುಟವೂ ತಿದ್ದಬೇಕಿತ್ತು, ಅದರ ಜತೆಗೆ ಟೈಮ್ ಕಾರ್ಡಿನ ಮೇಲೂ, ಅಂದರೆ ಯಾವ ತಪಾಸಣೆ ಠಾಣೆಗೆ (ಟೈಮ್ ಕಂಟ್ರೋಲ್) ಎಷ್ಟು ಹೊತ್ತಿಗೆ ಬಂದೆವೆಂದು ಬರೆಯುವ ಚೀಟಿಯ ಮೇಲೂ, ಕಣ್ಣಿಡಬೇಕು. ಮೋಟಾರು ಕ್ರೀಡೆಯ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದಂತೆ ಟೈಮ್ ಕಂಟ್ರೋಲಿಗೆ ಒಂದು ನಿಮಿಷ ತಡವಾದರೆ 10 ಸೆಕೆಂಡ್ ದಂಡ, ಒಂದು ನಿಮಿಷ ಬೇಗ ಹೋದರೆ ಪೂರಾ ಒಂದು ನಿಮಿಷ. ಮೂರ್ನಾಲ್ಕು ತಿರುವಿನಲ್ಲಿ ಜೀವ ಹಿಡಿದು ಗಳಿಸಿದ್ದನ್ನು ಕಾರ್ಡಿನ ಮೇಲೆ ಕಳೆದುಕೊಂಡರೆ ಯಾರಿಗೆ ಹೇಳುವುದು?

ಅಂಕಿಯಲ್ಲೂ ಸೂಕ್ಷ್ಮಕ್ಕೆ ಕೊನೆಯಿಲ್ಲ. ಪ್ಲಸ್, ಮೈನಸ್ ಸೇರಿಸಿದರೆ ಆರು ದರ್ಜೆ ಹದಿನೆಂಟಾಗುತ್ತದೆ. ನಾವು ಪ್ರಯತ್ನಿಸಿ ಬಿಟ್ಟೆವು, 4 ಮೈನಸ್‌ಗೂ 3 ಪ್ಲಸ್‌ಗೂ ನಡುವೆ ನಿಜವಾಗಿ ವ್ಯತ್ಯಾಸ ಮಾಡಬಲ್ಲ ಕೈ ನಮ್ಮದಲ್ಲ. ಈ ಮಾತಿಗೆ ನನಗೆ ದೊಡ್ಡವರ ಆಸರೆಯೂ ಇದೆ. 1955ರಲ್ಲಿ ಇಟಲಿಯ ಮಿಲ್ಲೆ ಮಿಲ್ಯಾ ರಸ್ತೆ ಓಟದಲ್ಲಿ ಬ್ರಿಟಿಷ್ ರೇಸ್ ಡ್ರೈವರ್ ಸ್ಟರ್ಲಿಂಗ್ ಮಾಸ್ ಜತೆ ಮರ್ಸಿಡಿಸ್ 300 ಎಸ್‌ಎಲ್‌ಆರ್‌ನಲ್ಲಿ ಕೂತಿದ್ದ ಪತ್ರಕರ್ತ ಡೆನಿಸ್ ಜೆಂಕಿನ್ಸನ್, ಸುಮಾರು 1,600 ಕಿ.ಮೀ. ದಾರಿಯ ನೋಟ್ಸನ್ನು ಒಂದು ಕಾಗದದ ಸುರುಳಿಯಲ್ಲಿ ಬರೆದು, ಕಿಂಡಿಯಿದ್ದ ಅಲ್ಯುಮಿನಿಯಂ ಡಬ್ಬಿಯಲ್ಲಿಟ್ಟು ಸುತ್ತುತ್ತಾ ಹೋದರು. ತೆರೆದ ಕಾರಿನ ಗದ್ದಲದಲ್ಲಿ ಮಾತು ಕೇಳಿಸದೆ ಎಲ್ಲವನ್ನೂ ಕೈಸನ್ನೆಯಲ್ಲೇ ಹೇಳಿದರು. ತಂಟೆಯ ತಿರುವುಗಳಿಗೆ ಅವರಲ್ಲಿ ಇದ್ದದ್ದು ಮೂರೇ ದರ್ಜೆ. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಗೆದ್ದರು, ಸರಾಸರಿ ಗಂಟೆಗೆ 157 ಕಿ.ಮೀ.ಗೂ ಮಿಕ್ಕಿ.

ಕೊನೆಯದು ರೆಡಿಮೇಡ್. ಸ್ವೀಡನ್ನಿನ ಜೆಂಬಾ ಪದ್ಧತಿ ಇದರಲ್ಲಿ ಹೆಸರುವಾಸಿ: ಸಂವೇದಕ ಅಳವಡಿಸಿದ ಕಾರನ್ನು ಸ್ಟೇಜಿನಲ್ಲಿ ಓಡಿಸಿ, ತಿರುವಿನಲ್ಲಿ ಅದರ ಮೇಲೆ ಬೀಳುವ ಬಲವನ್ನು ದಾಖಲಿಸಿ, ಅದರಿಂದ ನೋಟ್ಸ್ ತಯಾರಿಸುತ್ತಾರೆ. ಯಂತ್ರಕ್ಕೆ ಸುಸ್ತಿಲ್ಲ, ಬೆಳಿಗ್ಗೆ–ಸಂಜೆ ಇಲ್ಲ. ಏಕರೂಪದಲ್ಲಿ ಇದನ್ನು ಮೀರಿಸಲು ನಮ್ಮ ಟೇಪಿಗೂ ಆಗುವುದಿಲ್ಲ. ರೆಕ್ಕಿಗೆ ರಜೆ ಸಿಗದವರಿಗೆ, ರೆಕ್ಕಿಯೇ ಇಲ್ಲದ ಸ್ಪರ್ಧೆಗಳಲ್ಲಿ ಇದು ವರವೇ. ಆದರೆ ಹುಲ್ಲಿನ ಹಿಂದೆ ಅಡಗಿದ ಬಂಡೆ ಯಂತ್ರಕ್ಕೆ ಕಾಣದು. ಜತೆಗೆ, ಎದುರು ಏನೂ ಕಾಣದ ಉಬ್ಬಿನ ಮೇಲೆ ‘ಫ್ಲ್ಯಾಟ್’ ಎಂದು ನಾನು ಕೂಗಿದಾಗ ಆಕ್ಸಿಲರೇಟರ್ ಒತ್ತಿಹಿಡಿಯಬೇಕಾದವನು ಗೆಳೆಯ. ತನ್ನ ಬಾಯಿಂದ ಬಂದ ಮಾತಾದರೆ ಕಾಲು ಅಲ್ಲಾಡುವುದಿಲ್ಲ. ಬೇರೆಯವರದಾದರೆ ಒಂದು ಕ್ಷಣ ಮೇಲೇಳುತ್ತದೆ. ಆ ಕ್ಷಣ ಸ್ಟೇಜಿನುದ್ದಕ್ಕೂ ಕೂಡುತ್ತಾ ಹೋಗುತ್ತದೆ. ರೆಕ್ಕಿಯಲ್ಲಿ ಅದನ್ನೇ ತಿದ್ದಿ ನಮ್ಮದಾಗಿಸಿಕೊಳ್ಳಬಹುದು, ಆದರೆ ಹೊಡೆದುಹಾಕಿ ಪಕ್ಕದಲ್ಲಿ ಬರೆದ ಪುಟವನ್ನು ರಾತ್ರಿ ಸ್ಟೇಜಿನಲ್ಲಿ, ಕುಲುಕಾಡುವ ಪುಟ್ಟ ದೀಪದಡಿ ಓದುವುದು ನನಗೆ ಆಗದ ಕೆಲಸ.

ಓದುವ ಜಾಗ ತಪ್ಪಿದರೆ ಏನು ಎಂಬುದನ್ನೂ ನೋಡಬೇಕು. ಎಷ್ಟೇ ಪಳಗಿದವರಿಗೂ ತಪ್ಪುತ್ತದೆ. ತಕ್ಷಣ ‘ನೋಟ್ಸ್ ಇಲ್ಲ’ ಎಂದು ಹೇಳಬೇಕು, ಡ್ರೈವರ್ ಕಣ್ಣಳತೆಯಲ್ಲಿ ಓಡಿಸುತ್ತಿರಬೇಕು, ನಾನು ಮುಂದಿನ ಗುರುತು ಹುಡುಕಬೇಕು. ಅಂಕಿಯ ಪುಟ ಇಲ್ಲಿ ಸ್ವಲ್ಪ ಸೋಲುತ್ತದೆ, ಎಲ್ಲ ಸಾಲೂ ಒಂದೇ ಥರ ಕಾಣುತ್ತವೆ. ವಿವರಣೆಯ ಪುಟದಲ್ಲಿ ಕಣ್ಣು ಬೇಗ ನಿಲ್ಲುತ್ತಿತ್ತು. ಅದಕ್ಕೇ ಹೇರ್‌ಪಿನ್, ಜಂಕ್ಷನ್, 150 ಮೀಟರ್‌ಗಿಂತ ಉದ್ದದ ನೇರದಾರಿಗಳಿಗೆ ಸುತ್ತ ಚೌಕ ಹಾಕುತ್ತೇನೆ, ಪುಟದ ಕೊನೆಯ ನೋಟನ್ನು ಮುಂದಿನ ಪುಟದ ತಲೆಯಲ್ಲಿ ಮತ್ತೆ ಬರೆಯುತ್ತೇನೆ. ತಂತಿ ಸುರುಳಿಯ ಬೈಂಡಿಂಗ್ ಮೇಲ್ಗಡೆಯಿರುವ ಪುಸ್ತಕವೇ ಆಗಬೇಕು. ಪೆನ್ ಬೇಡ, ಒದ್ದೆಯಾದರೆ ಶಾಯಿ ಹರಡುತ್ತದೆ. ಗ್ಲೌಸ್ ಡ್ರೈವರಿಗೆ ಕಡ್ಡಾಯವಾದರೂ ಕೋ-ಡ್ರೈವರಿಗೆ, ಅಂದರೆ ನನ್ನಂಥ ನ್ಯಾವಿಗೇಟರಿಗೆ, ಐಚ್ಛಿಕ ಎಂದು ನಿಯಮ ಬರೆದವರು ಪುಟ ತಿರುಗಿಸಿ ನೋಡಿದ್ದಿರಬೇಕು.

ಈಗ ನಾವು ಓಡಿಸುತ್ತಿರುವುದು ಆಕಾರದ ಅಂಕಿಯಲ್ಲೇ. ಪ್ಲಸ್ ಮೈನಸ್ ಇಲ್ಲ, ಅನುಮಾನವಿದ್ದರೆ ಒಂದು ಅಂಕಿ ಕೆಳಗೆ. ರೆಕ್ಕಿ ಇಲ್ಲದ ಕಡೆ ರೆಡಿಮೇಡ್, ಅದೂ ಫ್ಲ್ಯಾಟ್ ಎಂದ ಉಬ್ಬುಗಳಲ್ಲಿ ಕಾಲು ಹಗುರ ಮಾಡಿಕೊಂಡು. ರಜೆ ಸಿಗದೆ ನಮ್ಮಲ್ಲಿ ಒಬ್ಬರು ತಪ್ಪಿಸಿಕೊಂಡರೆ ಬೇರೆ ತಂಡದವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದೂ ಉಂಟು. ಅಂಕಿಯಾದರೆ ಯಾರು ಬೇಕಾದರೂ ಓದಬಲ್ಲರು, ಆದರೆ ಅವರ 1 ನಮ್ಮ 6 ಆಗಿರಬಹುದು. ಹಾಗಾಗಿ ಪುಸ್ತಕದ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಒಂದೇ ಸಾಲು ಬರೆದಿಟ್ಟಿದ್ದೇನೆ: ‘1 ಅಂದರೆ ಅತಿ ಬಿಗಿ.’ ಬೆಲ್ಟ್ ಹಾಕಿಕೊಳ್ಳುವ ಮುಂಚೆ ಅದನ್ನು ಬಂದವರ ಬಾಯಲ್ಲೇ ಓದಿಸುತ್ತೇವೆ.