ಕ್ರ್ಯಾಂಕ್‌ಬೈಟ್‌ಗೆ ಯಾವ ಕೋಲು, ಯಾವ ಮುಳ್ಳು? ಸೂಳೆಕೆರೆಯಲ್ಲಿ ಹಾಕಿ ನೋಡಿದ್ದು

ಹೋದ ಬೇಸಿಗೆಯಲ್ಲಿ ಸೂಳೆಕೆರೆಯ ದಡದಲ್ಲಿ ಒಂದೇ ಬೆಳಿಗ್ಗೆ ನಾಲ್ಕು ಕೊರವ ಮೀನು ಕಚ್ಚಿದವು. ನಾಲ್ಕೂ ದಡದ ಹತ್ತಿರ ಬಂದು, ತಲೆ ಕೊಡವಿ, ಬಿಡಿಸಿಕೊಂಡು ಹೋದವು. ಮುಳ್ಳು, ಅಂದರೆ ಗಾಳದ ಕೊಕ್ಕೆ, ಸರಿ ಇಲ್ಲ ಅಂತ ನಾನು ಅಂದೆ. ಪಕ್ಕದಲ್ಲಿ ಎರೆಹುಳು ಹಾಕಿ ಕೂತಿದ್ದ ನಮ್ಮ ಸೋದರಮಾವ ತಲೆ ಅಲ್ಲಾಡಿಸಿದರು. "ಮುಳ್ಳಲ್ಲಪಾ, ನಿನ್ ಕೋಲು ಭಾಳ ಬಿರುಸು ಐತಿ. ಅದು ಬಗ್ಗಂಗೇ ಇಲ್ಲ ನೋಡು."

ಆವತ್ತಿನಿಂದ ಸಂಕ್ರಾಂತಿಯವರೆಗೆ ಮೂರು ಕೋಲು, ಮೂರು ಥರದ ಮುಳ್ಳು ಬದಲಾಯಿಸಿ ಬದಲಾಯಿಸಿ ಹಾಕಿ ನೋಡಿದ್ದೇನೆ. ಹೆಚ್ಚು ದಿನ ಸೂಳೆಕೆರೆಯಲ್ಲಿ, ಕೆಲವು ಸಲ ಹಿರಿಯೂರಿನ ವಾಣಿವಿಲಾಸ ಸಾಗರದ ಹಿನ್ನೀರಿನಲ್ಲಿ. ಮಾವ ಹೇಳಿದ್ದು ಮುಕ್ಕಾಲು ಪಾಲು ಸರಿ. ಉಳಿದ ಕಾಲು ಪಾಲು ಮುಳ್ಳಿನದು.

ಹೊಸಬರಿಗೆ ಒಂದು ಮಾತು. ಕ್ರ್ಯಾಂಕ್‌ಬೈಟ್ ಅಂದರೆ ಮರ ಅಥವಾ ಪ್ಲಾಸ್ಟಿಕ್‌ನ ದಪ್ಪ ಹೊಟ್ಟೆಯ ಹುಸಿ ಮೀನು. ಮೂತಿಯಲ್ಲಿ ಚಮಚದಂಥ ತುಟಿ ಇರುತ್ತದೆ. ರೀಲ್ ಸುತ್ತಿದರೆ ನೀರು ಆ ತುಟಿಗೆ ಬಡಿದು ಮೀನು ಅಲ್ಲಾಡುತ್ತಾ ಕೆಳಗೆ ಇಳಿಯುತ್ತದೆ. ನಿಲ್ಲಿಸಿದರೆ ಮೇಲೆ ತೇಲುತ್ತದೆ. ಹೊಟ್ಟೆಗೊಂದು, ಬಾಲಕ್ಕೊಂದು ಮೂರು ಮೊನೆಯ ಮುಳ್ಳು. ಇದು ಅಮೆರಿಕದ ಬ್ಯಾಸ್ ಮೀನಿಗೆ ಹೆಸರಾದ ಸಾಮಾನು. ಕೋಲು, ಮುಳ್ಳಿನ ಬಗ್ಗೆ ಸಿಗುವ ಸಲಹೆಯೂ ಬಹುಪಾಲು ಬ್ಯಾಸ್‌ಗೆ ಸೇರಿದ್ದೇ. ನಮ್ಮ ಕೊರವನ ಬಾಯಿ ಬೇರೆ. ಬ್ಯಾಸ್‌ನ ಬಾಯಿ ಪಕ್ಕದಲ್ಲಿ ತೆಳು ಪೊರೆ ಇದೆ, ಮುಳ್ಳು ಸುಲಭವಾಗಿ ಇಳಿಯುತ್ತದೆ, ಜೋರಾಗಿ ಎಳೆದರೆ ಹರಿಯುತ್ತದೆ. ಕೊರವನಿಗೆ ಗಟ್ಟಿ ಮೂಳೆ, ಚೂಪು ಹಲ್ಲು. ಮುಳ್ಳು ಇಳಿಯುವುದೇ ಕಷ್ಟ. ಈ ವ್ಯತ್ಯಾಸ ತಲೆಯಲ್ಲಿ ಇಟ್ಟುಕೊಂಡು ಮುಂದೆ ಓದಿ.

ಮೊದಲು ಕೋಲು. ನನ್ನ ಹಳೆಯದು ಏಳು ಅಡಿಯ ಕಾರ್ಬನ್ ಕೋಲು. ತುದಿಯ ಒಂದಡಿ ಮಾತ್ರ ಬಗ್ಗುತ್ತದೆ, ಉಳಿದದ್ದು ಲಾಠಿ. ಜೊಂಡಿನ ಮೇಲೆ ರಬ್ಬರ್ ಕಪ್ಪೆ ಹಾರಿಸಿ ಕೊರವ ಹಿಡಿಯುವವರು ಇಂಥದ್ದೇ ಇಟ್ಟುಕೊಳ್ಳುತ್ತಾರೆ, ಅದು ಸರಿಯೂ ಹೌದು. ಅಲ್ಲಿ ಕಚ್ಚಿದ ತಕ್ಷಣ ಮೀನನ್ನು ಜೊಂಡಿನಿಂದ ಕಿತ್ತು ತರಬೇಕು. ಕ್ರ್ಯಾಂಕ್‌ಬೈಟ್‌ಗೆ ಅದೇ ಕೋಲು ಎರಡು ಕಡೆ ಕೈ ಕೊಡುತ್ತದೆ. ಒಂದು, ಕಚ್ಚಿದ ಏಟು ಕೈಗೆ ತಕ್ಷಣ ಗೊತ್ತಾಗುತ್ತದೆ, ನಾವು ಪಟ್ಟನೆ ಎಳೆಯುತ್ತೇವೆ. ಮೀನು ಇನ್ನೂ ಬಾಯಿ ಮುಚ್ಚಿರುವುದಿಲ್ಲ, ಬೈಟ್ ಆಚೆ ಬಂದುಬಿಡುತ್ತದೆ. ಎರಡು, ಮೀನು ದಡದ ಹತ್ತಿರ ತಲೆ ಕೊಡವಿದಾಗ ದಾರ ಒಂದು ಗಳಿಗೆ ಸಡಿಲ ಆಗುತ್ತದೆ. ಬಗ್ಗದ ಕೋಲು ಆ ಸಡಿಲವನ್ನು ತುಂಬುವುದಿಲ್ಲ. ಆಗ ಬೈಟ್‌ನ ಭಾರವೇ ಹಾರೆ ಹಾಕಿ ಮೀಟಿದಂತೆ ಮುಳ್ಳನ್ನು ಮೀಟಿ ತೆಗೆಯುತ್ತದೆ. ನನ್ನ ನಾಲ್ಕು ಕೊರವ ಹೋಗಿದ್ದು ಹೀಗೇ.

ಎರಡನೆಯದು ಫೈಬರ್ ಗ್ಲಾಸ್ ಕೋಲು, ಅದೂ ಏಳು ಅಡಿ. ಕಾರ್ಬನ್ನಿಗಿಂತ ಅಗ್ಗ, ಕೈಗೆ ಭಾರ. ಒಂದು ಗಂಟೆ ಎಸೆದರೆ ಮಣಿಕಟ್ಟು ನೋಯುತ್ತದೆ. ಆದರೆ ಅರ್ಧ ಕೋಲೇ ಬಿದಿರಿನ ಹಾಗೆ ಬಗ್ಗುತ್ತದೆ. ಮೀನು ಕಚ್ಚಿದಾಗ ನಮಗೆ ತುಸು ತಡವಾಗಿ ಗೊತ್ತಾಗುತ್ತದೆ, ಆ ತಡವೇ ಲಾಭ. ಮೀನು ಬೈಟ್ ಅನ್ನು ಬಾಯೊಳಗೆ ತೆಗೆದುಕೊಂಡು ತಿರುಗಿರುತ್ತದೆ. ಈ ಕೋಲಿನಲ್ಲಿ ಪಟ್ಟನೆ ಎಳೆಯಬಾರದು. ರೀಲ್ ಸುತ್ತುತ್ತಲೇ ಕೋಲನ್ನು ಪಕ್ಕಕ್ಕೆ ಒರಗಿಸಿ, ಅಷ್ಟು ಸಾಕು. ಇದನ್ನು ಹಿಡಿದ ಮೇಲೆ ದಡದ ಹತ್ತಿರ ಬಿಡಿಸಿಕೊಂಡು ಹೋಗುವುದು ಕಣ್ಣಿಗೆ ಕಾಣುವಷ್ಟು ಕಡಿಮೆ ಆಯಿತು.

ಮೂರನೆಯದು ಕಾರ್ಬನ್, ಗ್ಲಾಸ್ ಎರಡೂ ಬೆರೆಸಿದ್ದು. ಹಗುರ, ದೂರ ಎಸೆಯುತ್ತದೆ, ಸಾಕಷ್ಟು ಬಗ್ಗುತ್ತದೆ. ಬೆಲೆ ಮಾತ್ರ ಜಾಸ್ತಿ. ದುಡ್ಡು ಇದ್ದರೆ ಇದೇ ತಗೊಳ್ಳಿ. ಇಲ್ಲದಿದ್ದರೆ ಗ್ಲಾಸ್ ಕೋಲಿಗೆ ಯಾವ ಕೊರತೆಯೂ ಇಲ್ಲ.

ಇನ್ನು ಮುಳ್ಳು. ಅಗ್ಗದ ಕ್ರ್ಯಾಂಕ್‌ಬೈಟ್ ಜೊತೆ ಬರುವ ಮುಳ್ಳನ್ನು ನಂಬಬೇಡಿ. ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಎಳೆದು ನೋಡಿ. ಕಚ್ಚಿಕೊಂಡರೆ ಚೂಪು, ಜಾರಿದರೆ ಮೊಂಡು. ನನ್ನ ಹತ್ತಿರ ಇದ್ದವು ಬಹಳಷ್ಟು ಜಾರಿದವು. ಕೊರವನ ಮೂಳೆಯ ಬಾಯಿಗೆ ಅದು ಏನೂ ಮಾಡುವುದಿಲ್ಲ. ಒಂದು ಸಲವಂತೂ ದೊಡ್ಡ ಮೀನೊಂದು ಮೂರು ಮೊನೆಯಲ್ಲಿ ಎರಡನ್ನು ನೆಟ್ಟಗೆ ಮಾಡಿಟ್ಟು ಹೋಯಿತು.

ಅವನ್ನು ಬಿಚ್ಚಿ, ಗಿಡ್ಡ ಕಾಲಿನ (ಕಾಲು ಅಂದರೆ ಬಾಗಿನ ಮೇಲಿನ ನೆಟ್ಟನೆ ಕಡ್ಡಿ) ಮೂರು ಮೊನೆಯ ಮುಳ್ಳು ಹಾಕಿದೆ. 6ನೇ ನಂಬರ್ ಇದ್ದಲ್ಲಿ 4. ಮುಳ್ಳಿನ ಲೆಕ್ಕದಲ್ಲಿ ನಂಬರ್ ಇಳಿದಷ್ಟೂ ಗಾತ್ರ ದೊಡ್ಡದು, ನೆನಪಿರಲಿ. ಕಾಲು ಗಿಡ್ಡ ಇದ್ದರೆ ಒಂದು ಸೈಜ್ ದೊಡ್ಡದು ಹಾಕಿದರೂ ಹೊಟ್ಟೆಯ ಮುಳ್ಳು ಬಾಲದ ಮುಳ್ಳಿಗೆ ಸಿಕ್ಕಿಕೊಳ್ಳುವುದಿಲ್ಲ. ಹಾಕಿದ ಮೇಲೆ ಬಕೆಟ್ ನೀರಿನಲ್ಲಿ ಬಿಟ್ಟು ನೋಡಿ. ತೇಲುವ ಬೈಟ್ ಮುಳುಗಿದರೆ ಮುಳ್ಳು ಭಾರ ಆಯಿತು ಅಂತ ಅರ್ಥ.

ಇದರಲ್ಲೂ ಎರಡು ಥರ ಇದೆ. ಒಂದರ ಬಾಗು ಗುಂಡಗೆ, ಮೊನೆ ನೆಟ್ಟಗೆ ಮೇಲಕ್ಕೆ. ಇನ್ನೊಂದರ ಮೊನೆ ಒಳಕ್ಕೆ ವಾಲಿರುತ್ತದೆ. ಗುಂಡಗಿನದು ಬೇಗ ಇಳಿಯುತ್ತದೆ. ಒಳಕ್ಕೆ ವಾಲಿದ್ದು ಇಳಿಯಲು ಜೋರು ಬೇಕು, ಇಳಿದ ಮೇಲೆ ಸುಲಭಕ್ಕೆ ಬಿಡುವುದಿಲ್ಲ. ಬಗ್ಗುವ ಕೋಲಿಗೆ ಗುಂಡಗಿನದೇ ಸರಿ. ಮೆತ್ತಗಿನ ಕೋಲಿನ ಜೊತೆ ಒಳಕ್ಕೆ ವಾಲಿದ ಮುಳ್ಳು ಹಾಕಿ ನಾನು ಎರಡು ದಿನ ಸುಮ್ನೆ ಕಳೆದೆ. ಮೀನು ಕಚ್ಚುತ್ತಿತ್ತು, ಮುಳ್ಳು ಇಳಿಯುತ್ತಿರಲಿಲ್ಲ. ಬಿರುಸು ಕೋಲೊಂದೇ ಇದೆ, ಹೊಸದು ಕೊಳ್ಳಲು ಆಗಲ್ಲ ಅನ್ನುವವರು ವಾಲಿದ್ದನ್ನೇ ಹಾಕಿ, ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಟ್ಟುಕೊಡುವ ಬಿಗಿ) ಸ್ವಲ್ಪ ಸಡಿಲ ಬಿಡಿ. ಎಳೆಗಳನ್ನು ಹೆಣೆದ, ಹಿಗ್ಗದ ಬ್ರೇಡ್ ದಾರದ ಬದಲು 12 ಪೌಂಡ್ ಎಳೆತ ತಡೆಯುವ ತಂಗೂಸಿ (ನೈಲಾನ್) ದಾರ ಹಾಕಿ. ಅದು ಹಿಗ್ಗುತ್ತದೆ, ಕೋಲಿನ ಬಿರುಸನ್ನು ಅಷ್ಟಿಷ್ಟು ನುಂಗುತ್ತದೆ.

ಮೂರನೆಯದು ಒಂಟಿ ಮೊನೆಯ ಮುಳ್ಳು. ಇದರ ಮೇಲೆ ನನಗೆ ಅಷ್ಟು ನಂಬಿಕೆ ಇರಲಿಲ್ಲ. ವಾಣಿವಿಲಾಸದ ಹಿನ್ನೀರಿನಲ್ಲಿ ಅನಿವಾರ್ಯವಾಗಿ ಹಾಕಿದೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು 1933ರ ನಂತರ 2022ರಲ್ಲಿ ಕೋಡಿ ಬಿತ್ತು, ಮತ್ತೆ 2025ರ ಜನವರಿಯಲ್ಲಿ. ನೀರು ಏರಿದ ಕಡೆಯೆಲ್ಲ ಜಾಲಿ ಗಿಡಗಳು ಮುಳುಗಿವೆ. ಮೀನು ಇರುವುದೂ ಆ ಗಿಡಗಳ ಸಂದಿಯಲ್ಲೇ. ಕ್ರ್ಯಾಂಕ್‌ಬೈಟ್‌ನ ತುಟಿ ಮೊದಲು ಕೊಂಬೆಗೆ ಬಡಿದು ಮುಳ್ಳನ್ನು ಸ್ವಲ್ಪ ಕಾಪಾಡುತ್ತದೆ ನಿಜ, ಆದರೂ ಎರಡು ತ್ರಿಶೂಲ ಜಾಲಿಗೆ ಸಿಕ್ಕದೆ ಇರಲ್ಲ. ಒಂದೇ ದಿನ ಮೂರು ಬೈಟ್ ಕಳೆದುಕೊಂಡೆ. ಒಂಟಿ ಮುಳ್ಳು ಹಾಕಿದ ಮೇಲೆ ಒಂದೂ ಹೋಗಲಿಲ್ಲ. ಕಚ್ಚಿದರೂ ಸಿಗದ ಮೀನು ಸ್ವಲ್ಪ ಜಾಸ್ತಿ ಆದವು. ಆದರೆ ಒಮ್ಮೆ ಇಳಿದ ಮುಳ್ಳು ಬಿಡಲಿಲ್ಲ. ದಪ್ಪ ತಂತಿ, ಅಗಲ ಬಾಗು, ಆಳಕ್ಕೆ ಇಳಿಯುತ್ತದೆ. ಮೂರು ಮೊನೆ ಇದ್ದಾಗ ಒಂದು ಮೊನೆಯನ್ನು ಇನ್ನೊಂದು ಮೀಟುತ್ತದೆ, ಇಲ್ಲಿ ಆ ಕಾಟ ಇಲ್ಲ.

ಬಿಡಿಸುವುದೂ ಸುಲಭ. ನನ್ನ ತಮ್ಮನ ಹೆಬ್ಬೆರಳಿಗೆ ಒಂದು ಸಲ ಬಾಲದ ಮುಳ್ಳು ಹೊಕ್ಕಿತು, ಹೊಟ್ಟೆಯ ಮುಳ್ಳಿನಲ್ಲಿ ಮೀನು ಇನ್ನೂ ಒದ್ದಾಡುತ್ತಿತ್ತು. ಆ ಹತ್ತು ನಿಮಿಷ ನಾನು ಮರೆಯಲ್ಲ. ಈಗ ಯಾವ ಮುಳ್ಳೇ ಆಗಲಿ, ಮೊನೆಯ ಹಿಂದೆ ಇರುವ, ಮುಳ್ಳು ಜಾರದಂತೆ ತಡೆಯುವ ಸಣ್ಣ ಕೊಂಡಿಯನ್ನು ಇಕ್ಕಳದಿಂದ ಅದುಮಿಯೇ ಹಾಕುತ್ತೇನೆ. ಕೋಲು ಬಗ್ಗಿ ದಾರ ಬಿಗಿ ಇದ್ದರೆ ಕೊಂಡಿ ಇಲ್ಲದೆಯೂ ಮೀನು ನಿಲ್ಲುತ್ತದೆ. ಸಣ್ಣ ಮೀನನ್ನು ಗಾಯ ಮಾಡದೆ ನೀರಿಗೆ ಬಿಡಬಹುದು. ಕೆಂಪು ಮರಿಗಳ ಗುಂಪು ಮೇಲೆ ಆಡುತ್ತಿದ್ದರೆ ಅಲ್ಲಿ ಎಸೆಯಲೇ ಬೇಡಿ. ಕೆಳಗೆ ತಾಯಿ ತಂದೆ ಕಾವಲು ಇರುತ್ತವೆ. ಅವನ್ನು ಹಿಡಿದರೆ ಮರಿಗಳನ್ನು ಬೇರೆ ಮೀನು ತಿಂದುಹಾಕುತ್ತವೆ. ಹಾಗೇ, ಕೆರೆಯ ಮೀನು ಹಿಡಿಯುವ ಹಕ್ಕು ಯಾರದ್ದು ಅಂತ ಕೇಳಿಕೊಂಡು, ಒಪ್ಪಿಗೆ ಪಡೆದು ಇಳಿಯಿರಿ.

ಸದ್ಯ ಸೂಳೆಕೆರೆಯ ಬಯಲು ನೀರಿಗೆ ಗ್ಲಾಸ್ ಕೋಲು, ಗುಂಡು ಬಾಗಿನ 4ನೇ ನಂಬರ್ ಮುಳ್ಳು ಒಯ್ಯುತ್ತೇನೆ. ಜಾಲಿ ಇರುವ ಕಡೆಗೆ ಬೆರಕೆ ಕೋಲು, ಒಂಟಿ ಮುಳ್ಳು. ಹಳೆಯ ಕಾರ್ಬನ್ ಕೋಲಿಗೆ ರಬ್ಬರ್ ಕಪ್ಪೆ ಕಟ್ಟಿ ಮಾವನ ಕೈಗೆ ಕೊಟ್ಟಿದ್ದೇನೆ. ಹೋದ ಭಾನುವಾರ ಜೊಂಡಿನೊಳಗಿಂದ ಎರಡು ಕೆಜಿಯ ಕೊರವ ಎಳೆದು ತಂದರು. "ಈ ಕೆಲಸಕ್ಕೆ ಇದು ಬಿರುಸೇ ಇರಬೇಕಪಾ" ಅಂದರು.